ಬಾಯಿ ಮುಚ್ಚದ ಭಾವ

ಫೋನಿಗೆ ಅಂಗೈ ಅಡ್ಡ ಹಿಡಿದು ವಾಚ್ ರಿಪೇರಿಯವನು ಹಲ್ಲು ಕಚ್ಚಿ ಹೇಳಿದ: "ಭಾವ, ಕೈ ಮುಗೀತೀನಿ. ಹತ್ತು ನಿಮಿಷ ಸುಮ್ಮನಿರಿ."

ಭಾವ ಸುಮ್ಮನಿರುವ ಪೈಕಿಯಲ್ಲ. "ನಿನ್ನ ಕಥೆ ಕೇಳ್ತಾ ಕೇಳ್ತಾ ಆಯಮ್ಮ ನಿದ್ದೆ ಹೋಗಿರ್ತಾಳೆ. ಮೊದಲು ಎಬ್ಬಿಸು," ಅಂದ.

ಗಡಿಯಾರ ಮುಂದೆ ಓಡುತ್ತದೆ, ಅದಕ್ಕೇ ತನಗೆ ಬೇಗ ವಯಸ್ಸಾಯಿತು ಎಂದು ಜಗಳಕ್ಕೆ ಬಂದ ಗಿರಾಕಿಯ ಕಥೆ ಅರ್ಧಕ್ಕೇ ನಿಂತಿತು.

ಆಯಮ್ಮ ಎಂದರೆ ಲೈಬ್ರರಿ ಮೇಡಂ, ಬೇರೆ ಊರಿನವಳು. ಮನಸ್ಸಿನ ದೊಡ್ಡ ಕಾಯಿಲೆ ಬಂದು ಆಸ್ಪತ್ರೆ ಕಂಡು ಬಂದವರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಹರಟೆ ಹೊಡೆಯಲು ಒಂದು ಸಂಸ್ಥೆ ಸ್ವಯಂಸೇವಕರನ್ನು ಗೊತ್ತುಮಾಡುತ್ತದೆ. ಹಾಗೆ ಅವನ ಪಾಲಿಗೆ ಬಂದ ಸ್ವಯಂಸೇವಕಿ ಇವಳು. ಔಷಧಿಯ ಮಾತಿಲ್ಲ, ಉಪದೇಶವಿಲ್ಲ. ಅವನ ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಅಂಗಡಿ ಸಾಲಿನ ಗೆಳೆಯರೆಲ್ಲ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಇಡೀ ವಾರದಲ್ಲಿ ಅವನು ಎದುರುನೋಡುತ್ತಿದ್ದುದು ಈ ಶನಿವಾರದ ಮಧ್ಯಾಹ್ನವೊಂದನ್ನೇ.

ಇವಳಿಗಿಂತ ಮೊದಲು ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕಿದ್ದರು. ಭಾವನ ಕಾಟ ತಾಳಲಾರದೆ ಅವನೊಮ್ಮೆ "ಬಾಯಿ ಮುಚ್ಚಿ" ಎಂದು ಕಿರುಚಿದ. ಮೇಷ್ಟ್ರು ಅದು ತಮಗೇ ಹೇಳಿದ್ದೆಂದುಕೊಂಡು ಮತ್ತೆ ಫೋನೇ ಮಾಡಲಿಲ್ಲ. ಮೇಡಂ ಕೂಡ ಹಾಗೆ ಕೈತಪ್ಪಿ ಹೋದಾಳೆಂಬ ಭಯಕ್ಕೇ ಅವನು ಈಗ ಫೋನಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದುದು.

ಅಕ್ಕ ಬಂದು ಒಂದು ಲೋಟ ಟೀ ಇಟ್ಟು, ತಮ್ಮನ ಮುಖ ನೋಡಿ ಒಳಗೆ ಹೋದಳು. ಭಾವನಿಗೆ ಬೇಕೇ ಎಂದು ಕೇಳಲಿಲ್ಲ. ಅವರಿಬ್ಬರ ನಡುವೆ ಮಾತುಕತೆ ಮೊದಲಿನಿಂದಲೂ ಇಲ್ಲ. ಬಿಟ್ಟಿ ತಿನ್ನುವ ಆಸಾಮಿಯಲ್ಲ ಭಾವ, ಆ ಮಟ್ಟಿಗೆ ಒಳ್ಳೆಯವನೇ. ಆದರೆ ಬಂದು ಇಷ್ಟು ವರ್ಷವಾದರೂ ಹೊರಡುವ ಮಾತೆತ್ತಿದವನಲ್ಲ.

"ಎಲ್ಲಿ ಹೋದ್ರಿ?" ಎಂದಳು ಮೇಡಂ. "ಮತ್ತೆ ನಿಮ್ಮ ಭಾವಾನಾ?"

"ಹೂಂ. ನಾನು ಬಾಯಿ ತೆಗೆದ್ರೆ ಸಾಕು, ಕಾಲೆಳೀತಾರೆ."

"ನಿಮ್ಮಂಥ ಸಾಧು ಸಿಕ್ಕಿದ್ರೆ ಯಾರು ತಾನೇ ಬಿಡ್ತಾರೆ? ಫೋನ್ ಅವರ ಕೈಗೆ ಕೊಡಿ, ನಾನು ವಿಚಾರಿಸ್ಕೋತೀನಿ."

ಈ ಸಲ ಭಾವನೇ ತಬ್ಬಿಬ್ಬಾದ. ಆಮೇಲೆ, "ಹೊರಗೆ ಹೋಗಿದಾರೆ ಅಂತ ಹೇಳಿ ಬಚಾವಾಗು," ಎಂದು ಉಪಾಯ ಹೇಳಿಕೊಟ್ಟ.

ಸುಳ್ಳು ಸುಲಭವಿತ್ತು. ಆದರೆ ಇವಳೊಬ್ಬಳ ಹತ್ತಿರವಾದರೂ ಏನನ್ನೂ ಬಚ್ಚಿಡದೆ ಮಾತಾಡಬೇಕೆಂದು ಅವನಿಗೆ ಆಸೆ. ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ.

"ಕೊಡೋಕಾಗಲ್ಲ ಮೇಡಂ. ಅವರ ಮಾತು ನನಗೊಬ್ಬನಿಗೇ ಕೇಳೋದು."

ಇವಳ ಕಥೆಯೂ ಮುಗಿಯಿತು ಎಂದುಕೊಂಡ.

"ಅಯ್ಯೋ ಪಾಪ," ಎಂದಳು ಮೇಡಂ ಮೆಲ್ಲಗೆ. "ಅಕ್ಕನ ಯಜಮಾನರು ತೀರಿಹೋಗಿ ತುಂಬ ದಿನ ಆಯ್ತಾ?"

"ಇಲ್ಲ ಮೇಡಂ. ನಮ್ಮಕ್ಕಂಗೆ ಮದುವೇನೇ ಆಗಿಲ್ಲ."

ಹೇಳಿದ ಮೇಲೆ ಅವನಿಗೇ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ಕೇಳಿ ಮೇಡಂ ಕೂಡ ನಕ್ಕಳು.

"ಸರಿ, ಮುಂದಿನ ಶನಿವಾರ ಮಾಡ್ತೀನಿ," ಎಂದಳು. "ಇಬ್ಬರೂ ಮನೇಲೇ ಇರಿ."