ಬೆಳ್ಳಿಗೆ ಕೊಟ್ಟ ಮಾತು

ಮೊಲಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ನೀಲವೇಣಿ ಎಂಬುವಳು ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದಳಂತೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಔಷಧವನ್ನು ಕೆಲವು ಮೊಲಗಳಿಗೆ ಚುಚ್ಚುತ್ತಿದ್ದಳು, ಉಳಿದವಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಅವಳಿಗೂ ತಿಳಿಸುತ್ತಿರಲಿಲ್ಲ.

"ಗೊತ್ತಾದ ದಿನ ಮುಚ್ಚಿಡದೆ ಹೇಳ್ಬೇಕು ಕಣಕ್ಕಾ," ಎಂದು ಮಾತು ತೆಗೆದುಕೊಂಡೇ ಬೆಳ್ಳಿ ಎಂಬ ಮೊಲ ಸೂಜಿಗೆ ಕಿವಿ ಒಡ್ಡಿತ್ತು.

ಒಂದು ದಿನ ಬೆಳ್ಳಿಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹಿಂಗಾಲು ತಣ್ಣಗಾಗಿತ್ತು. ಪಕ್ಕದ ಗೂಡಿನಲ್ಲಿ ಅದರ ತಂಗಿ ಕುಣಿಯುತ್ತಿತ್ತು. ಯಾರಿಗೆ ಯಾವುದೆಂಬ ಗುಟ್ಟನ್ನು ಪ್ರಯೋಗ ನಡೆಸುತ್ತಿದ್ದ ಡಾಕ್ಟರು ಆಗಷ್ಟೇ ನೀಲವೇಣಿಗೆ ಬಿಚ್ಚಿದ್ದರು.

"ಯಾಕಕ್ಕಾ, ನಿನ್ನ ಕಣ್ಣು ನನ್ನದಕ್ಕಿಂತ ಕೆಂಪಗಿದ್ಯಲ್ಲ! ಹೇಳು, ನನಗೆ ಕೊಟ್ಟಿದ್ದು ಔಷಧಾನಾ?"

ಹೂಂ ಎಂದು ಸುಳ್ಳು ಹೇಳಿಬಿಡೋಣ ಅನಿಸಿತು ನೀಲವೇಣಿಗೆ. ಆದರೆ ಔಷಧ ಕೊಟ್ಟರೂ ಹೀಗಾಯಿತೆಂದರೆ, ತಂಗಿಯೂ ಉಳಿಯಲ್ಲ ಅಂತ ಇದು ಕೊರಗುತ್ತದೆ.

ಅವಳು ಬಾಗಿ ಬೆಳ್ಳಿಯ ಕಿವಿಯಲ್ಲಿ ಹೇಳಿದಳು: "ನಿಂದು ಬರೀ ಉಪ್ಪುನೀರು ಕಣೇ. ಔಷಧ ತಂಗಿಗೆ ಹೋಗಿತ್ತು."