ಮೂರನೆಯ ಸಲ

"ಅಕ್ಕ, ಪಾಸ್ ಕೊಡು, ಒಂದ್ಸಲ ಹೋಗ್ಬರ್ತೀನಿ."

ಕಾಲರ್ ಹೊಲಿಯುವವಳು ಮೂರನೆಯ ಸಲ ಎದ್ದು ಬಂದಾಗ ಸೂಪರ್‌ವೈಸರಿಗೆ ಮೈ ಉರಿದುಹೋಯಿತು. ಗಾರ್ಮೆಂಟ್ಸಿನ ಆ ಲೈನಿಗೆಲ್ಲ ಇದ್ದದ್ದು ಒಂದೇ ಪಾಸು, ಅದಿಲ್ಲದೆ ಯಾರೂ ಶೌಚಾಲಯದ ಕಡೆ ತಲೆ ಹಾಕುವಂತಿರಲಿಲ್ಲ. ಬೇರೆಯವರಾಗಿದ್ದರೆ ಕೊಟ್ಟು ಕಳಿಸುತ್ತಿದ್ದಳೇನೋ. ಇವಳು ಒಡಹುಟ್ಟಿದ ತಂಗಿ.

"ಬೆಳಗ್ಗೆಯಿಂದ ಎರಡ್ಸಲ ಆಯ್ತಲ್ಲೇ?"

"ನೀರು ಕುಡಿ, ಸೊಪ್ಪು ಕಾಳು ತಿನ್ನು, ಬಂದಾಗ ತಡ್ಕೋಬೇಡ ಅಂತ ಡಾಕ್ಟ್ರು ನಿನ್ನೆದುರಿಗೇ ಹೇಳಿದ್ರಲ್ಲಕ್ಕ."

ಹೇಳಿದ್ದರು. ಹೋದ ತಿಂಗಳು ತಂಗಿಯನ್ನು ಆಸ್ಪತ್ರೆಗೆ ಸೇರಿಸಿದವಳೇ ಅಕ್ಕ. ದೊಡ್ಡ ಕರುಳಿನ ಗೋಡೆಯಲ್ಲಿ ಪುಟ್ಟ ಪುಟ್ಟ ಚೀಲಗಳು ಉಬ್ಬಿ, ಒಂದರಲ್ಲಿ ಕೀವು ತುಂಬಿತ್ತು. ಔಷಧಿಯಲ್ಲೇ ವಾಸಿಯಾದದ್ದು ಪುಣ್ಯ, ಇನ್ನು ಮಲ ಕಟ್ಟಲು ಬಿಡಬೇಡಿ, ಚೀಲ ಒಡೆದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿ ಕಳಿಸಿದ್ದರು.

"ಸೂಪರ್‌ವೈಸರ್ ತಂಗಿ ಅಂದ್ರೆ ಸುಮ್ನೇನಾ," ಎಂದು ಹಿಂದಿನ ಸಾಲಿನಲ್ಲಿ ಗುಂಡಿ ಹಾಕುವವಳು ಕಿಸಕ್ಕನೆ ನಕ್ಕಳು. ಅಷ್ಟು ಸಾಕಾಯಿತು.

"ಕೂತ್ಕೋ ಹೋಗು. ಬಂಡಲ್ ಮುಗಿಸು, ಆಮೇಲೆ ನೋಡೋಣ."

ತಂಗಿ ತುಟಿ ಕಚ್ಚಿಕೊಂಡು ಹೋಗಿ ಕುಳಿತಳು. ಅಂದಿನಿಂದ ಕೇಳುವುದನ್ನೇ ಬಿಟ್ಟಳು. ಕೇಳಬಾರದೆಂದರೆ ಕುಡಿಯಬಾರದು, ತಿನ್ನಬಾರದು. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೆ ಮನೆಗೆ ಮರಳುತ್ತಿತ್ತು, ಮಧ್ಯಾಹ್ನ ಒಂದು ಒಣ ಬನ್ನಿನಲ್ಲಿ ಕಳೆಯುತ್ತಿತ್ತು. ಅಕ್ಕ ಇದನ್ನೆಲ್ಲ ಕಂಡೂ ಕಾಣದವಳಂತೆ ಇದ್ದಳು. ಪಕ್ಷಪಾತಿ ಎಂದು ಯಾರೂ ಬೆರಳು ತೋರಿಸುವಂತಿಲ್ಲವಲ್ಲ ಎಂಬ ಸಮಾಧಾನ ಬೇರೆ ಅವಳಿಗೆ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತಂಗಿ ಮೆಷಿನ್ನಿನ ಮೇಲೇ ಕುಸಿದಳು. ಹೊಟ್ಟೆ ಹಲಗೆಯಂತೆ ಬಿಗಿದುಕೊಂಡಿತ್ತು, ಮುಟ್ಟಿದರೆ ಚೀರುತ್ತಿದ್ದಳು. ಆಸ್ಪತ್ರೆಗೆ ಒಯ್ದಾಗ ಒಳಗೆ ಕರುಳು ತೂತಾಗಿ ಹೊಲಸೆಲ್ಲ ಹರಡಿತ್ತು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು, ಮಲ ಬಂದು ಬೀಳಲು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಅಂಟಿಸಿದರು. ಬದುಕಿದಳು.

ಐದನೆಯ ದಿನ ಅಕ್ಕ ಮಂಚದ ಪಕ್ಕ ಕುಳಿತು, "ತಪ್ಪಾಯ್ತು ಕಣೇ, ನನ್ನ ಕೈಯಾರೆ ಮಾಡ್ದೆ," ಎಂದು ಬಿಕ್ಕಿ ಬಿಕ್ಕಿ ಅತ್ತಳು.

ತಂಗಿ ಹೊದಿಕೆ ಸರಿಸಿ ಚೀಲ ತೋರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಳ್ಬೇಡ ಬಿಡಕ್ಕ. ಇನ್ಮೇಲೆ ಕೂತಲ್ಲೇ ಆಗುತ್ತೆ. ನಿನ್ನ ಹತ್ರ ಪಾಸ್ ಕೇಳೋದೇ ಬೇಡ."