ಒಂದೆಲಗದ ಪೊಟ್ಟಣ

ಒರಳಿನಲ್ಲಿ ಗುಂಡುಕಲ್ಲು ಗುಡುಗುಡು ತಿರುಗಿತೆಂದರೆ, ಹಳದೀಪುರದ ಮನೆಯಲ್ಲಿ ದೊಡ್ಡಮ್ಮ ಒಂದೆಲಗದ ತಂಬುಳಿಗೆ ಅರೆಯುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಈಗ ಡಾಕ್ಟರು ನನಗೆ ಬರೆದುಕೊಟ್ಟ ಒಂದೆಲಗದ ಕ್ಯಾಪ್ಸೂಲಿನ ಬಾಟಲಿ ತೆರೆದಾಗಲೆಲ್ಲ ಅದೇ ಹಸಿ ಒಗರು ವಾಸನೆ. ಈ ಸೊಪ್ಪಿನ ಸತ್ವ ಹೊಟ್ಟೆಗೂ ಬ್ರೇನ್‌ಗೂ ಒಳ್ಳೆಯದಿರಬಹುದು ಎಂದರು ಅವರು, ನನಗೆ ಅರ್ಥವಾಗಲೆಂದು ಎರಡೆರಡು ಸಲ.

ತಾಯಿಯಿಲ್ಲದ ನಾನು ಕಾನ್ವೆಂಟ್ ಬೋರ್ಡಿಂಗ್‌ನಿಂದ ರಜೆಗೆ ಬರುತ್ತಿದ್ದುದು ದೊಡ್ಡಮ್ಮನೊಬ್ಬಳಿಗಾಗಿ. ಎಕ್ಸಾಮಿನ ಮುಂಚಿನ ಆ ರಜೆಯ ಕೊನೆಯ ದಿನ ಅವಳು ತಂಬುಳಿಗೆ ಎರಡು ಸಲ ಉಪ್ಪು ಹಾಕಿದ್ದಳು.

"ಹೊಟ್ಟೆ ತಣ್ಣಗಿದ್ರೆ ತಲೆ ಓಡ್ತದೆ. ಕುಡಿ," ಎಂದಳು.

"ಇದ್ರಿಂದ ಮ್ಯಾಥ್ಸ್ ಬರ್ತದಾ, ದೊಡ್ಡಮ್ಮ?"

"ಬರದಿದ್ರೆ ನಿಮ್ಮ ಸಿಸ್ಟರಿಗೂ ಒಂದು ಲೋಟ ಕುಡಿಸುವ."

"ನಿನ್ನ ಲೋಟ ಎಲ್ಲಿ?"

"ನಂಗೆಂತಕ್ಕೆ? ಪರೀಕ್ಷೆ ನಿಂದಲ್ವಾ."

ಉಪ್ಪಿನ ವಿಷಯ ಹೇಳದೆ ನಾನು ಪೂರ್ತಿ ಕುಡಿದೆ.

ಮಧ್ಯಾಹ್ನ ಹೆದ್ದಾರಿಯಲ್ಲಿ ಭಟ್ಕಳದ ಬಸ್ಸಿಗೆ ಕಾಯುವಾಗ ಅವಳು ನನ್ನ ಯೂನಿಫಾರ್ಮಿನ ಕಾಲರನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಬಾಳೆಲೆಯಲ್ಲಿ ಕಟ್ಟಿದ, ಬೇರಿನ ಮಣ್ಣು ಇನ್ನೂ ಆರದ ಒಂದೆಲಗದ ಪೊಟ್ಟಣವನ್ನು ನನ್ನ ಕೈಗಿಟ್ಟಳು.

"ನೀನು ಆ ಕಾನ್ವೆಂಟಿನವಳಾ, ತಂಗಿ? ಅಲ್ಲಿ ನಮ್ಮ ಹುಡುಗಿ ಇದ್ದಾಳೆ. ಇದನ್ನ ಅವಳಿಗೆ ಕೊಟ್ಟುಬಿಡು. ಪರೀಕ್ಷೆ ಬಂತು ಅವಳದ್ದು."

"ಆತು, ಕೊಡ್ತೆ," ಎಂದೆ.

ಬಸ್ಸು ಹೊರಟಾಗ ಅವಳು ರಸ್ತೆಯ ಬದಿಯಲ್ಲಿ ನಿಂತು, ಯಾರನ್ನೋ ಹುಡುಕುವಂತೆ ಒಂದೊಂದೇ ಕಿಟಕಿ ನೋಡುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.